ವೈರಿನ ಹೊಸ್ತಿಲು

ಬಾಶೆಟ್ಟಿಹಳ್ಳಿಯ ಆ ಬಿಡಿಭಾಗದ ಕಾರ್ಖಾನೆಯಲ್ಲಿ ಉಮಾಶಂಕರನಿಗೆ ಕೊಟ್ಟಿದ್ದ ಹುದ್ದೆ ಎಲೆಕ್ಟ್ರಿಷಿಯನ್‌ನದು. ಮಾಡುತ್ತಿದ್ದ ಕೆಲಸಕ್ಕೆ ಮಾತ್ರ ಯಾರೂ ಹೆಸರಿಟ್ಟಿರಲಿಲ್ಲ. ಹದಿನೇಳು ವರ್ಷದ ಹಿಂದೆ ಸೇರಿದಾಗ ಟ್ಯೂಬ್‌ಲೈಟು, ಫ್ಯಾನು, ಮೋಟರು ನೋಡಿಕೊಂಡಿದ್ದ. ಆಮೇಲೆ ಕ್ಯಾಮೆರಾ ಬಂತು, ‘ವೈರ್ ತಾನೇ, ನೀನೇ ನೋಡ್ಕೊಳಪ್ಪ’ ಅಂದರು. ಇಂಟರ್‌ಕಾಮ್ ಬಂತು, ಅದಕ್ಕೂ ವೈರಿತ್ತು. ಕಂಪ್ಯೂಟರುಗಳು ಬಂದವು, ಅವಕ್ಕಂತೂ ಒಂದೊಂದಕ್ಕೆ ಮೂರು ಮೂರು ವೈರು. ಹೀಗೆ ಇಂಗ್ಲಿಷಿನಲ್ಲಿ ಒಂದು ರಜೆಚೀಟಿ ಬರೆಯಲು ತಿಣುಕುವ ಮನುಷ್ಯ ನಲವತ್ತೆರಡನೇ ವಯಸ್ಸಿಗೆ ಇಡೀ ಕಂಪನಿಗೆ ‘ಸಿಸ್ಟಮ್ ಉಮಾಶಂಕರ್’ ಆಗಿ ಕೂತಿದ್ದ. ಆಗಲ್ಲ ಅನ್ನುವುದು ಅವನಿಗೂ ಬರುತ್ತಿರಲಿಲ್ಲ.

ಊರು ಮಧುರೆ. ಅಪ್ಪ ಸುತ್ತಲ ಹಳ್ಳಿಗಳ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುತ್ತಿದ್ದವರು. ‘ಕರೆಂಟ್ ಬರ್ಲಿಲ್ಲ ಅಂದ್ರೆ ಗಾಬರಿ ಬೀಳ್ಬೇಡ ಕಣೋ. ವೈರ್ ಹಿಡ್ಕೊಂಡು ಹಿಂದಕ್ಕೆ ಹೋಗು. ಎಲ್ಲಿ ನಿಂತೈತೋ ಅಲ್ಲಿ ಸಿಗ್ತದೆ’ ಎಂದು ಅವರು ಹೇಳಿಕೊಟ್ಟದ್ದೇ ಅವನ ವಿದ್ಯೆ. ಆ ವಿದ್ಯೆ ಹಿಡಿದುಕೊಂಡೇ ಐಟಿಐ ಮುಗಿಸಿದ, ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಲ್ಲಿ ಒಂದಷ್ಟು ವರ್ಷ ಮೋಟರು ಬಿಚ್ಚಿ ಕಟ್ಟಿದ, ಕಾರ್ಖಾನೆ ಸೇರಿದ. ಟೆಸ್ಟರ್ ಇಲ್ಲದ ಅವನ ಅಂಗಿಯ ಜೇಬನ್ನು ಯಾರೂ ನೋಡಿಲ್ಲ. ಮದುವೆಯ ಫೋಟೋದಲ್ಲೂ ಅದು ಇಣುಕುತ್ತದೆ ಎಂದು ಹೆಂಡತಿ ಶಿಲ್ಪ ಬಂದವರಿಗೆಲ್ಲ ತೋರಿಸಿ ನಗುತ್ತಾಳೆ.

ಬೆಳಗ್ಗೆ ಆರು ಗಂಟೆಗೆ ಮಧುರೆಯ ಸ್ಟಾಪಿನಲ್ಲಿ ಅವನ ಜೊತೆ ನಿಲ್ಲುತ್ತಿದ್ದವಳು ಕದಿರಮ್ಮ. ಅದೇ ಕಾರ್ಖಾನೆಯಲ್ಲಿ ಕಸ ಗುಡಿಸಿ ನೆಲ ಒರೆಸುವವಳು, ಏಳು ವರ್ಷದಿಂದ, ಗುತ್ತಿಗೆದಾರನ ಕೈಕೆಳಗೆ. ಇಬ್ಬರೂ ಒಟ್ಟಿಗೆ ನಿಂತರೂ ಒಟ್ಟಿಗೆ ಹೋಗುವಂತಿರಲಿಲ್ಲ. ಕಂಪನಿಯ ಬಸ್ಸು ಕಂಪನಿಯ ಪಟ್ಟಿಯಲ್ಲಿ ಹೆಸರಿರುವವರಿಗೆ ಮಾತ್ರ. ಗುತ್ತಿಗೆಯವರು ಸರ್ಕಾರಿ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ, ಇನ್ನೊಂದು ಬಸ್ ಹಿಡಿದು, ಇಳಿದ ಮೇಲೆ ಮುಕ್ಕಾಲು ಮೈಲಿ ನಡೆಯಬೇಕು. ಕದಿರಮ್ಮನ ಬಲಮೊಣಕಾಲು ಎರಡು ವರ್ಷದಿಂದ ಸರಿಯಿಲ್ಲ. ಕಂಪನಿ ಬಸ್ಸು ತಿರುವಿನಲ್ಲಿ ಕಂಡೊಡನೆ ಅವಳೇ ಹೇಳುತ್ತಿದ್ದಳು, ‘ಹೋಗಪ್ಪಾ, ನಿನ್ ಬಸ್ ಬಂತು.’ ಖಾಲಿ ಸೀಟುಗಳಿರುವ ಬಸ್ಸಿಗೆ ಹತ್ತುವಾಗ ಉಮಾಶಂಕರನಿಗೆ ದಿನವೂ ಮುಜುಗರವಾಗುತ್ತಿತ್ತು.

ಕಂಪನಿ ಆ ವರ್ಷ ಒಂದು ಮಾತು ಹೇಳಿತ್ತು. ಗುತ್ತಿಗೆಯವರಲ್ಲಿ ಹಳಬರಾದ ಹನ್ನೊಂದು ಜನ, ವರ್ಷದಲ್ಲಿ ಇನ್ನೂರ ನಲವತ್ತು ದಿನ ಹಾಜರಿದ್ದರೆ, ಕಂಪನಿಯ ಪಟ್ಟಿಗೆ ಸೇರುತ್ತಾರೆ. ವಯಸ್ಸು ಐವತ್ತೈದು ದಾಟಿರಬಾರದು. ಉಳಿದ ಹತ್ತು ಜನಕ್ಕೆ ದಿನಗಳು ಧಾರಾಳವಾಗಿದ್ದವು. ಕದಿರಮ್ಮ ಮಗಳು ಧನುಶ್ರೀಯ ಬಾಣಂತನಕ್ಕೆಂದು ಒಂದೂವರೆ ತಿಂಗಳು ರಜೆ ಹಾಕಿದ್ದರಿಂದ ಅವಳ ಲೆಕ್ಕ ಬಿಗಿಯಾಗಿತ್ತು. ಬರುವ ವರ್ಷಕ್ಕೆ ವಯಸ್ಸು ಮೀರುವುದರಿಂದ ಇದೇ ಕೊನೆಯ ಅವಕಾಶ. ಗೋಡೆಯ ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೆಲ್ಲ ಗೀಟು ಎಳೆಯುತ್ತಿದ್ದಳು. ವರ್ಷದ ಲೆಕ್ಕ ಮುಗಿಯುವ ಶುಕ್ರವಾರಕ್ಕೆ ಇನ್ನೂರ ನಲವತ್ತಮೂರು ಆಗುತ್ತಿತ್ತು. ಮೂರು ದಿನ ಕೈಯಲ್ಲಿ ಉಳಿಯುತ್ತದೆ ಎಂದು ಅವಳಿಗೆ ನೆಮ್ಮದಿ.

ಗುತ್ತಿಗೆಯವರು ಬರುವುದು ಹಿಂದಿನ ಗೇಟಿನಿಂದ. ಅಲ್ಲಿ ಬೆರಳೊತ್ತುವ ಒಂದು ಹಳೆಯ ಮಷಿನ್ ಇದೆ. ಬೆರಳೊತ್ತಿದರೆ ‘ಥ್ಯಾಂಕ್ ಯೂ’ ಅನ್ನುತ್ತದೆ, ಗೇಟು ತೆರೆಯುತ್ತದೆ. ಕದಿರಮ್ಮ ಬೆರಳೊತ್ತಿ, ಅದರ ಥ್ಯಾಂಕ್ ಯೂ ಕೇಳಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋಗುವಳು. ಆ ಮಷಿನ್ ಬರೆದಿಟ್ಟುಕೊಂಡ ಹಾಜರಿ ಒಂದು ವೈರಿನಲ್ಲಿ ಸರ್ವರ್ ರೂಮಿಗೆ ಬರುತ್ತದೆ. ಬರಮಾಡಿಕೊಳ್ಳುವ ಪ್ರೋಗ್ರಾಮು ಇನ್ನೂ ಹಳೆಯದು, ಹಳೆಯ ಕಾಲದ ವಿಂಡೋಸ್ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಅದಿದ್ದ ಕಂಪ್ಯೂಟರು ಎರಡು ವರ್ಷದ ಹಿಂದೆ ಸುಟ್ಟುಹೋದಾಗ ಅದಕ್ಕೊಂದು ದಾರಿ ಮಾಡಿಕೊಟ್ಟವಳು ಆಗ ಅಲ್ಲಿದ್ದ ಇಂಜಿನಿಯರ್ ಸಂಘಮಿತ್ರ.

‘ಉಮಣ್ಣ, ಈ ಹೊಸ ಸರ್ವರ್ ಒಂದು ದೊಡ್ಡ ಮನೆ ಅಂದ್ಕೊಳ್ಳಿ’ ಎಂದು ಅವಳು ವಿವರಿಸಿದ್ದಳು. ‘ಮನೆಯೊಳಗೆ ಒಂದು ರೂಮ್ ಕಟ್ಟಿದೀನಿ, ಅದು ಕಂಟೇನರ್. ಆ ರೂಮೊಳಗೆ ಹಳೇ ಕಂಪ್ಯೂಟರನ್ನ ಹಂಗಂಗೇ ಕೂರ್ಸಿದೀನಿ, ಅದು ವರ್ಚುವಲ್ ಮಷಿನ್. ಕೈಗೆ ಸಿಗಲ್ಲ, ಆದ್ರೆ ಇದೆ.’

‘ಅಜ್ಜಿನ ಒಳಮನೇಲಿ ಕೂರ್ಸಿದಂಗೆ ಅನ್ನಿ ಮೇಡಂ.’

‘ಹೂಂ, ಅಜ್ಜಿನೇ. ಗೇಟ್ ಮಷಿನ್ ಜೊತೆ ಮಾತಾಡ್ಲಿ ಅಂತ ಅಜ್ಜಿಗೆ ಅಂತಲೇ ಬೀದಿಗೆ ಒಂದು ಕಿಟಕಿ ಇಟ್ಟಿದೀನಿ.’

ಅಂದಿನಿಂದ ಅದರ ಹೆಸರು ಅಜ್ಜಿ. ಸಂಘಮಿತ್ರ ಕೆಲಸ ಬಿಟ್ಟು ಹೊಸಕೋಟೆ ಕಡೆಯ ಬೇರೊಂದು ಕಂಪನಿಗೆ ಹೋಗುವಾಗ ಒಂದು ನೋಟುಬುಕ್ಕು ಬರೆದುಕೊಟ್ಟಳು. ಅಜ್ಜಿ ಮಾತಾಡದಿದ್ದರೆ ಮೊದಲು ಅಜ್ಜಿಯನ್ನು ಎಬ್ಬಿಸಿ, ಆಗದಿದ್ದರೆ ರೂಮನ್ನು ಮುಚ್ಚಿ ತೆಗೆಯಿರಿ, ಆಗಲೂ ಆಗದಿದ್ದರೆ ನನಗೆ ಫೋನ್ ಮಾಡಿ. ಸರ್ವರಿನ ಬೆನ್ನಿನಲ್ಲಿ ವೈರು ಚುಚ್ಚುವ ತೂತು ಎರಡಿವೆ, ದೊಡ್ಡ ಮನೆಗೆ ಎರಡೂ ಬಾಗಿಲೇ, ಆದರೆ ಅಜ್ಜಿಯ ಕಿಟಕಿ ಇರುವುದು ಎಡಗಡೆಯ ತೂತಿನಲ್ಲಿ ಮಾತ್ರ ಎಂದು ಅವಳು ಬರೆದಿರಲಿಲ್ಲ. ಇದ್ದ ಒಂದೇ ವೈರು ಎಡಗಡೆಯೇ ಇತ್ತು, ಅದನ್ನು ಯಾರು ಯಾಕೆ ಕೀಳುತ್ತಾರೆ ಎಂದು ಅವಳು ಅಂದುಕೊಂಡಿರಬೇಕು. ಆಯುಧಪೂಜೆಯ ನೆನಪು ಅವಳಿಗಾಗಲಿಲ್ಲ.

ಪೂಜೆಗೆ ಉಮಾಶಂಕರ ಎಲ್ಲ ವೈರು ಕಿತ್ತು, ಸರ್ವರನ್ನು ಹೊರಗೆ ತಂದು, ಬ್ರಷ್ಷಿನಲ್ಲಿ ಧೂಳು ಹೊಡೆದು, ಮೇಜಿನ ಮೇಲಿಟ್ಟ. ಹೂವು, ಗಂಧ, ಕುಂಕುಮದ ತಟ್ಟೆ ಹಿಡಿದು ಬಂದಿದ್ದವಳು ಕದಿರಮ್ಮ. ಮುಂದುಗಡೆ ಮೂರು ಬೆರಳು ವಿಭೂತಿ ಎಳೆದು, ಗಂಧ ಕುಂಕುಮ ಇಟ್ಟು, ಬೆನ್ನಿನ ಕಡೆ ತಿರುಗಿಸಿದಳು.

‘ಗೇಟಿಂದ ನಮ್ಮ ಹಾಜರಿ ಬರೋದು ಯಾವುದ್ರಾಗಪ್ಪಾ?’

‘ಇಲ್ಲಿ ನೋಡಕ್ಕ, ಈ ತೂತಿಂದ.’

‘ಹಂಗಾದ್ರೆ ಇದೇ ಹೊಸ್ತಿಲು’ ಎಂದು ಅವಳು ಎಡಗಡೆಯ ತೂತಿಗೆ ಅರಿಶಿನ ಹಚ್ಚಿ, ಗಂಧ ಒತ್ತಿ, ಕುಂಕುಮ ಇಟ್ಟು, ಒಂದು ಎಸಳು ಸೇವಂತಿಗೆ ಅಂಟಿಸಿ ಕೈಮುಗಿದಳು.

ಆಮೇಲೆ ವೈರು ಚುಚ್ಚಲು ಹೋದಾಗ ಆ ತೂತಿನೊಳಗೆ ಗಂಧ ಇನ್ನೂ ಹಸಿಯಾಗಿತ್ತು. ಹಸಿಯಿರುವ ಕಡೆ ಎಲೆಕ್ಟ್ರಿಷಿಯನ್ ವೈರು ಹಾಕುವುದಿಲ್ಲ. ಪಕ್ಕದಲ್ಲೇ ಅಂಥದೇ ಇನ್ನೊಂದು ತೂತಿತ್ತು. ಪೂಜೆ ಮಾಡಿದ ಕುಂಕುಮ ಕೆರೆಯುವುದೂ ಸರಿಯಲ್ಲ. ಗೋಡೆಯ ಸಾಕೆಟ್ಟಿನಲ್ಲಿ ಈ ಪಾಯಿಂಟಿಗೆ ಹಾಕಿದರೇನು, ಆ ಪಾಯಿಂಟಿಗೆ ಹಾಕಿದರೇನು, ಕರೆಂಟು ಒಂದೇ. ಪಕ್ಕದ್ದಕ್ಕೆ ಚುಚ್ಚಿದ. ಹಸಿರು ದೀಪ ಮಿಣುಕಿತು. ಸರ್ವರನ್ನು ಗೋಡೆಗೆ ಬೆನ್ನು ಮಾಡಿ ಕೂರಿಸಿ, ಸಿಹಿ ತಿಂದು ಮನೆಗೆ ಹೋದ. ಅಲ್ಲಿಗೆ ಅದು ಅವನ ಮನಸ್ಸಿನಿಂದಲೇ ಹೋಯಿತು.

ಹಿಂದಿನ ಗೇಟಿನ ಮಷಿನ್ ಎಂದಿನಂತೆ ಥ್ಯಾಂಕ್ ಯೂ ಅನ್ನುತ್ತಿತ್ತು. ಸಂಬಳಕ್ಕೆ ಗುತ್ತಿಗೆದಾರನ ಸೂಪರ್‌ವೈಸರ್ ಬೇರೆ ಪುಸ್ತಕ ಬರೆಯುತ್ತಿದ್ದ. ಹೀಗಾಗಿ ಅಜ್ಜಿಗೆ ಹಬ್ಬದಿಂದೀಚೆ ಒಂದು ಹಾಜರಿಯೂ ಬಂದಿಲ್ಲ ಎಂದು ಗೊತ್ತಾದದ್ದು ವರ್ಷದ ಪಟ್ಟಿ ತೆಗೆಯುವ ವಾರದಲ್ಲಿ, ಸೋಮವಾರ. ಎಚ್‌ಆರ್ ಮ್ಯಾನೇಜರ್ ಮನೋಹರ್ ಉಮಾಶಂಕರನನ್ನು ಕರೆಸಿದರು.

‘ಏನ್ರೀ ಇದು, ಹಿಂದಿನ ಗೇಟಿಂದು ಪೂರ್ತಿ ಖಾಲಿ? ಶುಕ್ರವಾರ ನಾಲ್ಕು ಗಂಟೆಗೆ ಹೆಡ್ ಆಫೀಸಿಗೆ ಲಿಸ್ಟ್ ಹೋಗ್ಬೇಕು.’

‘ಎಲ್ಲಾ ಗೇಟ್ ಮಷಿನ್ ಹೊಟ್ಟೇಲಿರುತ್ತೆ ಸಾರ್, ಎಲ್ಲೂ ಹೋಗಿರಲ್ಲ. ಕನೆಕ್ಷನ್ ಕೊಟ್ರೆ ಒಂದೇ ಸಲಕ್ಕೆ ಬಂದ್ಬಿಡ್ತದೆ.’

ಇದೇ ಮಾತನ್ನು ಕದಿರಮ್ಮನಿಗೂ ಹೇಳಿದ. ಸಂಜೆ ಮನೆಗೆ ಹೋಗುವಾಗ ಕಂಪನಿ ಬಸ್ಸಿನ ಡ್ರೈವರ್ ವಿಜಯ್‌ಗೆ, ‘ಮುಂದಿನ ಸೋಮವಾರದಿಂದ ನಮ್ಮೂರಲ್ಲಿ ಇನ್ನೊಬ್ರು ಹತ್ತಾರೆ ಗುರು. ಕಾಲು ನೋವು ಅವರಿಗೆ, ಮುಂದಿನ ಸೀಟು ಇಟ್ಟಿರು’ ಎಂದೂ ಹೇಳಿಟ್ಟ. ಬಾಯಿ ಬಿಗಿಹಿಡಿಯಬಹುದಿತ್ತು. ಆದರೆ ಒಳ್ಳೆಯ ಸುದ್ದಿ ಸಿಕ್ಕಿದರೆ ಇಟ್ಟುಕೊಳ್ಳಲಾಗದ ಮನುಷ್ಯ ಅವನು.

ಮಂಗಳವಾರ ನೋಟುಬುಕ್ಕು ತೆರೆದ. ಅಜ್ಜಿಯನ್ನು ಎಬ್ಬಿಸಿದ. ಅವಳು ನಿಧಾನಕ್ಕೆ ಎದ್ದು, ಹಳೆಯ ನೀಲಿ ಪರದೆ ತೋರಿಸಿ, ಗೇಟ್ ಮಷಿನ್ ಸಿಗುತ್ತಿಲ್ಲ ಅಂದಳು. ರೂಮು ಮುಚ್ಚಿ ತೆಗೆದ. ಅದೇ ಮಾತು. ಅಪ್ಪನ ವಿದ್ಯೆಯಂತೆ ಹಿಂದಕ್ಕೆ ಹುಡುಕುತ್ತ ಹೊರಟ. ದೊಡ್ಡ ಮನೆಯಿಂದ, ಅಂದರೆ ಸರ್ವರಿನಿಂದಲೇ, ಗೇಟ್ ಮಷಿನ್ನನ್ನು ಕೂಗಿದರೆ ಅದು ಪಟಪಟನೆ ಓಗೊಟ್ಟಿತು. ಅಂದಮೇಲೆ ವೈರು ಸರಿ, ಗೇಟೂ ಸರಿ. ಒಳಗಿನ ರೂಮಿನಿಂದ ಕೂಗಿದರೆ ಉತ್ತರವಿಲ್ಲ. ಅಜ್ಜಿ ಕೂಗಿದರೂ ಇಲ್ಲ. ತೊಂದರೆ ಒಳಗೇ ಇದೆ, ಕೈಗೆ ಸಿಗದ ಕಡೆ, ಎಂದು ಅವನು ತೀರ್ಮಾನಿಸಿದ. ಪಾಪ, ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ತೀರ್ಮಾನಿಸುತ್ತಿದ್ದರು. ಟೆಸ್ಟರ್ ತೆಗೆದು ಸುಮ್ಮನೆ ಸರ್ವರಿನ ಮೈಗೆ ಮುಟ್ಟಿಸಿ ನೋಡಿದ. ಆಮೇಲೆ ನಾಚಿಕೆಯಾಗಿ ಜೇಬಿಗಿಟ್ಟುಕೊಂಡ.

ಸಂಘಮಿತ್ರಳ ಹೊಸ ಕಂಪನಿಯಲ್ಲಿ ಫೋನು ಒಳಗೆ ಬಿಡುವುದಿಲ್ಲ. ಸಂಜೆ ಆರೂವರೆಗೆ ಅವಳೇ ಕರೆ ಮಾಡಿದಳು.

‘ಉಮಣ್ಣ, ಮೊದ್ಲು ಇದು ಹೇಳಿ. ಸರ್ವರಿಗೆ ವೈರ್ ಇದೆಯಾ? ಲೈಟ್ ಬರ್ತಿದೆಯಾ?’

‘ಹಸಿರು ಲೈಟು ಮಿಣಕ್ ಮಿಣಕ್ ಅಂತೈತೆ ಮೇಡಂ.’

‘ನಾನು ಹೇಳಿದ್ದು ಟೈಪ್ ಮಾಡಿ. ಎಲ್ಲಾದ್ರೂ ಅಪ್ ಅಂತ ಬಂತಾ?’

ಪರದೆಯ ಮೇಲೆ ಎರಡು ಸಾಲು ಬಂದಿದ್ದವು. ಒಂದರಲ್ಲಿ ಡೌನ್, ಇನ್ನೊಂದರಲ್ಲಿ ಅಪ್. ಅವಳು ಕೇಳಿದ್ದು ಅಪ್ ಬಂತಾ ಎಂದು. ‘ಬಂತು ಮೇಡಂ’ ಅಂದ.

ಒಂದು ಗಂಟೆ ಅಕ್ಷರ ಅಕ್ಷರವಾಗಿ ಹೇಳಿಸಿ, ಓದಿಸಿ, ಕೊನೆಗೆ ಅವಳೂ ಸೋತಳು. ‘ಒಳಗೆಲ್ಲಾ ಸರಿಯಾಗಿದೆ ಉಮಣ್ಣ. ಆದ್ರೂ ಯಾಕೆ ಹೋಗ್ತಿಲ್ಲ ಗೊತ್ತಾಗ್ತಿಲ್ಲ. ಭಾನುವಾರ ನಾನೇ ಬಂದು ನೋಡ್ಲಾ?’

‘ಶುಕ್ರವಾರದೊಳಗೆ ಬೇಕು ಮೇಡಂ. ಪರವಾಗಿಲ್ಲ ಬಿಡಿ, ಹಾಜರಿ ಎಲ್ಲಾ ಗೇಟ್ ಮಷಿನ್ನಲ್ಲೇ ಐತಲ್ಲ.’

‘ಉಮಣ್ಣ, ಅದು ಹಳೇ ಮಷಿನ್. ನಿಮ್ಮಲ್ಲಿರೋ ಜನಕ್ಕೆ ಸುಮಾರು ಇಪ್ಪತ್ತು ದಿನದ್ದು ಮಾತ್ರ ಹಿಡಿಯುತ್ತೆ. ಇಪ್ಪತ್ತೊಂದನೇ ದಿನದ್ದು ಬಂದ ಹಂಗೆ ಮೊದಲನೇ ದಿನದ್ದು ಅಳಿಸ್ಕೊಂಡು ಹೋಗುತ್ತೆ. ಹಬ್ಬ ಆಗಿ ಎಷ್ಟು ದಿನ ಕೆಲಸ ಆಯ್ತು?’

ಉಮಾಶಂಕರ ಬೆರಳು ಮಡಿಸಿ ಎಣಿಸಿದ. ಅಂದಿಗೆ ಇಪ್ಪತ್ತೆರಡು ದಿನ. ಎರಡು ಹೋಗಿಯಾಗಿತ್ತು. ಬುಧವಾರ ಮೂರನೆಯದು ಹೋಗುತ್ತದೆ. ಕದಿರಮ್ಮನ ಕೈಯಲ್ಲಿದ್ದದ್ದು ಮೂರೇ. ಗುರುವಾರ ಬೆಳಗಿನ ಪಾಳಿ ಬರುವಷ್ಟರಲ್ಲಿ ಅಜ್ಜಿ ಬಾಯಿ ಬಿಡದಿದ್ದರೆ ಮುಗಿಯಿತು.

ಬುಧವಾರ ಏಳು ಗಂಟೆಗೇ ಮನೋಹರ್ ಮುಂದೆ ನಿಂತ. ‘ಸಾರ್, ಎರಡು ದಿನ ಹಿಂದಿನ ಗೇಟ್ ಮಷಿನ್ ಆಫ್ ಮಾಡ್ತೀನಿ. ಇದ್ದದ್ದು ಇದ್ದಂಗೇ ಉಳ್ಕೊಳ್ತದೆ.’

‘ಪಂಚ್ ಇಲ್ದೆ ಆ ಗೇಟ್ ತೆಗೆಯಲ್ಲ ಅಂತ ನಿಮಗೇ ಗೊತ್ತಲ್ರೀ. ಇನ್ನೂರು ಜನ ರೋಡಲ್ಲಿ ನಿಂತ್ರೆ ಪಾಳಿ ನಿಮ್ಮಪ್ಪ ನಡೆಸ್ತಾರಾ?’

‘ಪೆನ್‌ಡ್ರೈವಿಗಾದ್ರೂ...’ ಎಂದು ಶುರುಮಾಡಿ ಅವನೇ ನಿಲ್ಲಿಸಿದ. ಆ ಮಷಿನ್ನಿಗೆ ಪೆನ್‌ಡ್ರೈವ್ ಹಾಕುವ ಜಾಗವೇ ಇರಲಿಲ್ಲ.

ಮತ್ತೆ ಅಜ್ಜಿಯನ್ನು ಎಬ್ಬಿಸಿದ, ಮಲಗಿಸಿದ, ಎಬ್ಬಿಸಿದ. ರೂಮು ಮುಚ್ಚಿದ, ತೆಗೆದ. ಗೇಟಿನಿಂದ ಸರ್ವರ್ ರೂಮಿನವರೆಗೆ ವೈರು ಹಿಡಿದು ಬಿಸಿಲಲ್ಲಿ ಎರಡು ಸಲ ನಡೆದ. ಎಲ್ಲಿಯೂ ತುಂಡಾಗಿರಲಿಲ್ಲ. ಊಟದ ಹೊತ್ತಿಗೆ ಡೈರೆಕ್ಟರ್ ರೂಮಿನ ಟಿ.ವಿ. ಬರುತ್ತಿಲ್ಲವೆಂದು ಕರೆದರು. ಹೋದ. ಅಲ್ಲಿ ಎರಡು ಗಂಟೆ ಹೋಯಿತು. ಸಂಜೆ ಪಾಳಿ ಬಿಟ್ಟು ಜನ ಸಾಲಾಗಿ ಬೆರಳೊತ್ತುವುದನ್ನು ಅವನು ಕಿಟಕಿಯಿಂದ ನೋಡಿದ. ಒಬ್ಬೊಬ್ಬರು ಥ್ಯಾಂಕ್ ಯೂ ಅನ್ನಿಸಿಕೊಂಡಾಗಲೂ ಹಳೆಯದೊಂದು ಅಳಿಯುತ್ತಿತ್ತು. ಆ ಸಾಲಿನಲ್ಲಿ ಕದಿರಮ್ಮನೂ ಇದ್ದಳು. ತನ್ನ ಬೆರಳಿನಿಂದಲೇ ತನ್ನ ದಿನ ಅಳಿಸಿ, ಬೆರಳನ್ನು ಕಣ್ಣಿಗೊತ್ತಿಕೊಂಡು ಹೋದಳು.

ಸರ್ವರ್ ರೂಮು ಗುಡಿಸುವುದು ವಾರಕ್ಕೊಮ್ಮೆ, ಗುರುವಾರ. ಕದಿರಮ್ಮ ಹನ್ನೊಂದಕ್ಕೆ ಬಂದಾಗ ಉಮಾಶಂಕರ ಬೇರೇನೂ ತೋಚದೆ, ಒಳಗೆ ಧೂಳಾದರೂ ಇದೆಯೇ ನೋಡೋಣವೆಂದು ಸರ್ವರಿನ ಬೆನ್ನನ್ನು ಬೆಳಕಿಗೆ ತಿರುಗಿಸಿಕೊಂಡು ಕೂತಿದ್ದ. ಅವಳು ಪೊರಕೆ ನಿಲ್ಲಿಸಿ ಬಗ್ಗಿ ನೋಡಿದಳು.

‘ನೋಡಪ್ಪಾ, ನಾನಿಟ್ಟ ಕುಂಕುಮ ಹಂಗಂಗೇ ಅದೆ. ಇದ್ರಾಗಲ್ವಾ ನಮ್ಮ ಹಾಜರಿ ಬರೋದು? ವೈರ್ ಯಾಕೆ ಪಕ್ಕದ್ರಾಗೈತೆ?’

ಉಮಾಶಂಕರ ಆ ಕೆಂಪು ತೂತನ್ನು ನೋಡಿದ. ಪಕ್ಕದಲ್ಲಿ ಮಿಣುಕುತ್ತಿದ್ದ ಹಸಿರು ದೀಪವನ್ನು ನೋಡಿದ. ಪೂಜೆಯ ದಿನದ ಹಸಿ ಗಂಧ ನೆನಪಾಯಿತು, ಪರದೆಯ ಮೇಲೆ ತೂತಿಗೊಂದರಂತೆ ಬಂದಿದ್ದ ಡೌನ್, ಅಪ್ ಎರಡು ಸಾಲೂ ನೆನಪಾದವು. ವೈರು ಕಿತ್ತ. ಟೆಸ್ಟರಿನ ತುದಿಯಿಂದ ಒಣಗಿದ ಗಂಧ ಕೆರೆದ, ಬ್ರಷ್ಷಿನಿಂದ ಕೊಡವಿದ, ಎಡಗಡೆಯ ತೂತಿಗೆ ವೈರು ಚುಚ್ಚಿದ. ಒಂದು ನಿಮಿಷವೂ ಹಿಡಿಯಲಿಲ್ಲ. ಅಜ್ಜಿಯ ಪರದೆಯ ಮೇಲೆ ಹೆಸರುಗಳು ಸುರಿಯತೊಡಗಿದವು.

‘ನಾನಿಟ್ಟಿದ್ದಕ್ಕೇನಾರಾ ಕೆಟ್ಟಿತ್ತೇನಪ್ಪಾ?’

‘ಇಲ್ಲಕ್ಕ. ನಾನೇ ವೈರ್ ತಪ್ಪು ಹಾಕ್ಬಿಟ್ಟಿದ್ದೆ. ನಿಂದೇನಿಲ್ಲ.’

ಅದು ಸುಳ್ಳಲ್ಲ. ಆದರೂ ಹೇಳುವಾಗ ಅವಳ ಮುಖ ನೋಡಲು ಅವನಿಂದಾಗಲಿಲ್ಲ.

ಶುಕ್ರವಾರ ಪಟ್ಟಿ ತೆಗೆದರು. ಕದಿರಮ್ಮ, ಇನ್ನೂರ ಮೂವತ್ತೊಂಬತ್ತು. ಹಬ್ಬದ ನಂತರದ ಮೊದಲ ಮೂರು ದಿನ ಪೂರಾ ಇಲ್ಲ. ನಾಲ್ಕನೆಯ ದಿನದ್ದು ಅರ್ಧ ಉಳಿದಿತ್ತು. ಗುರುವಾರ ಬೆಳಗಿನ ಪಾಳಿಯವರು ಒತ್ತಿದ ಬೆರಳುಗಳು ಆ ದಿನದ ಬೆಳಗನ್ನು ಮಾತ್ರ ಅಳಿಸಿದ್ದವು, ಸಂಜೆಯದು ಹಾಗೇ ಇತ್ತು.

‘ಸಾರ್, ಆವತ್ತು ಹೊರಗೆ ಹೋಗಿದ್ದು ತೋರಿಸ್ತೈತೆ. ಒಳಗೆ ಬರ್ದೇ ಹೊರಗೆ ಹೋಗೋದು ಹೆಂಗೆ ಸಾರ್?’

‘ನನಗರ್ಥ ಆಗುತ್ತೆ ಉಮಾಶಂಕರ್. ಸಿಸ್ಟಮ್ಮಿಗೆ ಆಗಲ್ಲ’ ಅಂದರು ಮನೋಹರ್. ಕೆಟ್ಟವರೇನಲ್ಲ ಅವರು, ಹೆಡ್ ಆಫೀಸಿಗೆ ಫೋನನ್ನೂ ಮಾಡಿದರು. ಕೈಯಲ್ಲಿ ಬರೆದದ್ದು ನಡೆಯುವುದಿಲ್ಲ, ಸೂಪರ್‌ವೈಸರ್ ಪುಸ್ತಕ ಗುತ್ತಿಗೆದಾರನದು, ಒಬ್ಬರಿಗೆ ಬಿಟ್ಟರೆ ಎಲ್ಲ ಊರಿನ ಕಾರ್ಖಾನೆಗಳಲ್ಲೂ ಬಿಡಬೇಕಾಗುತ್ತದೆ ಎಂದು ಉತ್ತರ ಬಂತು. ಗೇಟಿನ ಕ್ಯಾಮೆರಾದಲ್ಲಿ ನೋಡೋಣವೆಂದರೆ ಅದು ಹದಿನೈದು ದಿನದ್ದು ಮಾತ್ರ ಇಟ್ಟುಕೊಳ್ಳುತ್ತದೆ. ಹಾಗೆಂದು ಅದನ್ನು ಹೊಂದಿಸಿದ್ದವನು ಉಮಾಶಂಕರನೇ. ನಾಲ್ಕು ಗಂಟೆಗೆ ಹತ್ತು ಹೆಸರಿನ ಪಟ್ಟಿ ಹೋಯಿತು.

ಕದಿರಮ್ಮ ಹಿಂದಿನ ಗೇಟಿನ ಬಳಿ ಕಾಯುತ್ತಿದ್ದಳು. ಕ್ಯಾಲೆಂಡರನ್ನು ಸುತ್ತಿ ಚೀಲದಲ್ಲಿ ತಂದಿದ್ದಳು, ಬೇಕಾದರೆ ತೋರಿಸಬಹುದೆಂದು.

‘ಎಷ್ಟಾಯ್ತಪ್ಪಾ?’

‘ಒಂದು ಕಮ್ಮಿ ಬಂತಕ್ಕ.’

‘ಒಂದಾ?’

‘ಒಂದೇ.’

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಉಮಾಶಂಕರನಿಗೆ ಎಷ್ಟೋ ಹಗುರವಾಗುತ್ತಿತ್ತು. ಮಷಿನ್ನಿನ ಕಡೆ ಸ್ವಲ್ಪ ಹೊತ್ತು ನೋಡಿ, ತನ್ನ ಬಲಗೈ ಬೆರಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ, ‘ಹೊಸ್ತಿಲು ಅಂತ ಇಟ್ಟೆ ಕಣಪ್ಪಾ, ಒಳ್ಳೇದಾಗ್ಲಿ ಅಂತ’ ಅಂದಳು. ಅಲ್ಲಕ್ಕ, ನಿನ್ನಿಂದಲ್ಲ ಎಂದು ಅವನು ಎರಡು ಸಲ ಹೇಳಿದ. ಅವಳು ಅಷ್ಟರಲ್ಲಿ ಚೀಲ ಹೆಗಲಿಗೇರಿಸಿಕೊಂಡು ರಸ್ತೆಯ ಕಡೆ ಹೊರಟಿದ್ದಳು, ಬಲಗಾಲು ಎಳೆಯುತ್ತ.

ಭಾನುವಾರ ಸಂಘಮಿತ್ರ ಫೋನ್ ಮಾಡಿ ಎಲ್ಲ ಕೇಳಿಸಿಕೊಂಡು, ‘ಯಾವ ತೂತು ಅಂತ ನಾನು ಬರೀಬೇಕಿತ್ತು, ನಂದೇ ತಪ್ಪು’ ಎಂದು ಪೇಚಾಡಿದಳು. ಆ ತಪ್ಪಿಗೆ ಈಗ ಮೂವರು ಒಡೆಯರಾದರು. ಉಮಾಶಂಕರ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ‘ವೈರು ಎಡಗಡೆ ತೂತಿಗೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆದ. ಶಿಲ್ಪ ಊಟಕ್ಕೆ ಕರೆದರೂ ಏಳಲಿಲ್ಲ.

ಸೋಮವಾರ ಆರಕ್ಕೆ ಸ್ಟಾಪಿನಲ್ಲಿ ಕದಿರಮ್ಮ ಎಂದಿನ ಜಾಗದಲ್ಲೇ ನಿಂತಿದ್ದಳು. ರಾತ್ರಿ ಸೊಳ್ಳೆ ಕಾಟ ಜಾಸ್ತಿಯಾಗಿದೆ ಎಂದಳು. ಹೌದಕ್ಕ ಎಂದ. ಕಂಪನಿ ಬಸ್ಸು ತಿರುವಿನಲ್ಲಿ ಕಂಡಿತು.

‘ಹೋಗಪ್ಪಾ, ನಿನ್ ಬಸ್ ಬಂತು.’

ಹತ್ತಿದ. ಬಾಗಿಲ ಪಕ್ಕದ ಮುಂದಿನ ಸೀಟಿನ ಮೇಲೆ ಯಾರೂ ಕೂರದ ಹಾಗೆ ವಿಜಯ್ ತನ್ನ ಟವೆಲ್ ಹಾಸಿದ್ದ. ಬಾಗಿಲು ತೆಗೆದಿಟ್ಟುಕೊಂಡೇ ಸ್ಟಾಪಿನ ಕಡೆ ಇಣುಕಿ ಕೇಳಿದ, ‘ಎಲ್ಲಣ್ಣಾ, ಇವತ್ತಿಂದ ಇನ್ನೊಬ್ರು ಬರ್ತಾರೆ ಅಂದಿದ್ರಲ್ಲ? ಇವರೇನಾ? ಹತ್ತಕ್ಕೆ ಹೇಳಿ ಮತ್ತೆ.’

ಕದಿರಮ್ಮ ಮುಖ ತಿರುಗಿಸಿ ಸರ್ಕಾರಿ ಬಸ್ಸು ಬರುವ ದಿಕ್ಕಿಗೆ ನೋಡತೊಡಗಿದಳು.

‘ನಡಿಯಪ್ಪಾ’ ಅಂದ ಉಮಾಶಂಕರ, ಟವೆಲ್ ಹಾಸಿದ ಸೀಟು ದಾಟಿ ಹಿಂದಕ್ಕೆ ಹೋಗಿ ಕೂತ.